ಮೈಕ್ ಹಿಡಿಯುವ ಮುನ್ನ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆಯ ತಮ್ಮಂದಿರೇ, ತಂಗಿಯರೇ,

ಜಾತ್ರೆಯ ಕುಸ್ತಿ ಕಣದಲ್ಲಿ, ಶಾಲಾ ಮೈದಾನದ ಕಬಡ್ಡಿ ಪಂದ್ಯದಲ್ಲಿ ಮೈಕ್ ಹಿಡಿದು ಗಂಟೆಗಟ್ಟಲೆ ಮಾತಾಡುವ ಹುಡುಗರು ನಮ್ಮ ಕಡೆ ಬೇಕಾದಷ್ಟಿದ್ದಾರೆ. ಟಿ.ವಿ.ಯಲ್ಲಿ ಕಾಮೆಂಟರಿ ಹೇಳಬೇಕೆಂಬ ಆಸೆ ಅವರಲ್ಲಿ ಕೆಲವರಿಗಿದೆ. ಅದು ಕೈಗೆ ಎಟುಕದ ಆಸೆಯಲ್ಲ. 2018ರಲ್ಲಿ ಐಪಿಎಲ್ ಪಂದ್ಯಗಳು ಕನ್ನಡ ವಿವರಣೆಯೊಂದಿಗೆ ಬಂದವು. ಕಬಡ್ಡಿಗೂ ಕನ್ನಡದ ದನಿ ಸಿಕ್ಕಿತು.

ಕ್ರಿಕೆಟಿಗ ವಿಜಯ್ ಭಾರದ್ವಾಜ್ ಅವರನ್ನು ನೋಡಿ. 1999ರಲ್ಲಿ ನೈರೋಬಿಯ ಎಲ್‌ಜಿ ಕಪ್‌ನಲ್ಲಿ ಸರಣಿಶ್ರೇಷ್ಠರಾದರು. ಭಾರತದ ಪರ ಆಡಿದ್ದು 3 ಟೆಸ್ಟ್, 10 ಏಕದಿನ ಪಂದ್ಯ ಮಾತ್ರ. ಆದರೆ ಆಟ ತಿಳಿದವರಿಗೆ ಆಟದಾಚೆಗೂ ಕೆಲಸವಿರುತ್ತದೆ. ಇಂದು ಅವರ ಕನ್ನಡ ಕಾಮೆಂಟರಿಯನ್ನು ಮನೆಮನೆಯಲ್ಲಿ ಕೇಳುತ್ತಾರೆ.

ಹಾಗಾಗಿ ಮೊದಲು ಆಟ ಕಲಿಯಿರಿ, ಮಾತು ಆಮೇಲೆ. ಕಬಡ್ಡಿಯಲ್ಲಿ ಒಂದು ರೈಡಿಗೆ ಸಿಗುವುದು 30 ಸೆಕೆಂಡು. ರೈಡರ್ ಗೆರೆ ದಾಟುವಾಗಲೇ ಎದುರು ಎಷ್ಟು ಮಂದಿ ನಿಂತಿದ್ದಾರೆಂದು ನಿಮ್ಮ ಕಣ್ಣು ಎಣಿಸಿರಬೇಕು. ಆರು ಅಥವಾ ಹೆಚ್ಚು ಮಂದಿ ಇದ್ದರೆ ಬೋನಸ್ ಉಂಟು. ಮೂರು ಅಥವಾ ಕಡಿಮೆ ಇದ್ದು ರೈಡರನ್ನು ಹಿಡಿದರೆ ಅದು ಸೂಪರ್ ಟ್ಯಾಕಲ್, ಎರಡು ಅಂಕ. ಇದನ್ನು ಮೊದಲೇ ಹೇಳಿದರೆ ಕೇಳುವವನು ಉಸಿರು ಬಿಗಿಹಿಡಿದು ಕೂರುತ್ತಾನೆ. ಹೇಳದೆ ಬರೀ ಕೂಗಿದರೆ ಅದು ಗದ್ದಲ.

ಟಿ.ವಿ.ಯ ದನಿ ನಿಲ್ಲಿಸಿ ಪಂದ್ಯ ನೋಡುತ್ತ ನೀವೇ ವಿವರಿಸಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಒಂದೇ ಪದ ಎಷ್ಟು ಸಲ ಬಂತೆಂದು ಗುರುತು ಹಾಕಿ. ರೇಡಿಯೊದಲ್ಲಾದರೆ ಸ್ಕೋರನ್ನು ಮತ್ತೆಮತ್ತೆ ಹೇಳಬೇಕು, ಟಿ.ವಿ.ಯಲ್ಲಿ ಅದು ಕಾಣುತ್ತದೆ, ಅಲ್ಲಿ ಕಾರಣ ಹೇಳಿ. ನಮ್ಮ ಕಡೆಯ ಕನ್ನಡಕ್ಕೆ ನಾಚಬೇಡಿ. ಪಟ್ಟು, ಸೆಡ್ಡು, ಚಿತ್ತು ಎಂಬ ಗರಡಿಯ ಮಾತುಗಳು ಆಟದ ಜೊತೆಗೇ ಹುಟ್ಟಿದವು.

ನಿಮ್ಮೂರ ತಂಡ ಆಡುವಾಗಲೂ ಮೈಕ್ ಯಾರ ಪಕ್ಷವನ್ನೂ ವಹಿಸಬಾರದು. ಸೋತ ಪೈಲ್ವಾನನ ಒಳ್ಳೆಯ ಪಟ್ಟನ್ನೂ ಬಾಯಿತುಂಬ ಹೊಗಳಿ. ಬಸವಣ್ಣ ಹುಟ್ಟಿದ ನೆಲದವರು ನಾವು, ನಾಲಿಗೆಯ ಮೇಲೆ ಹಿಡಿತ ಇರಲೇಬೇಕು.

ಇನ್ನೊಂದು ಮಾತು: ಬರೆಯಿರಿ. ನೆದರ್ಲೆಂಡ್ಸ್‌ನ ಮಾರ್ಟ್ ಸ್ಮೀಟ್ಸ್ ಬ್ಯಾಸ್ಕೆಟ್‌ಬಾಲ್ ಆಡಿದವರು. ದಶಕಗಳ ಕಾಲ ಟಿ.ವಿ.ಯಲ್ಲಿ ಟೂರ್ ಡಿ ಫ್ರಾನ್ಸ್ ಸೈಕಲ್ ಓಟದ ಬಗ್ಗೆ ಮಾತಾಡಿದರು, ಜೊತೆಗೇ ಪುಸ್ತಕಗಳನ್ನೂ ಬರೆದರು. ಸೈಕಲ್ ಪಟುಗಳ ತವರಾದ ನಮ್ಮ ವಿಜಯಪುರ ಜಿಲ್ಲೆಯಲ್ಲಿ ಬರೆಯಲು ವಿಷಯಕ್ಕೆ ಬರವೇ? ವಿಜಯಪುರದ ರಾಜೇಶ್ವರಿ ಗಾಯಕವಾಡ 2017ರ ಜುಲೈ 15ರಂದು ಡರ್ಬಿಯಲ್ಲಿ, ಮಹಿಳಾ ಕ್ರಿಕೆಟ್ ವಿಶ್ವಕಪ್ ಪಂದ್ಯದಲ್ಲಿ 15 ರನ್ನಿಗೆ 5 ವಿಕೆಟ್ ಕಿತ್ತರು. ನ್ಯೂಜಿಲೆಂಡ್ 79ಕ್ಕೆ ಕುಸಿಯಿತು. ಆ ದಿನವನ್ನು ಚೆಂಡು ಚೆಂಡಾಗಿ ಕನ್ನಡದಲ್ಲಿ ಬರೆದು ನೋಡಿ. ನೋಟ, ಭಾಷೆ ಎರಡೂ ಚುರುಕಾಗುತ್ತವೆ.

ಈ ಕೆಲಸದಲ್ಲಿ ವರ್ಷವಿಡೀ ಸಂಬಳ ಬರುತ್ತದೆಂದು ನಂಬಿ ಓದು ಬಿಡಬೇಡಿ. ಪದವಿ ಮುಗಿಸಿ, ಹೊಟ್ಟೆಪಾಡಿಗೊಂದು ದಾರಿ ಇಟ್ಟುಕೊಳ್ಳಿ. ಈ ಸಲದ ಜಾತ್ರೆಗೆ ಮೈಕ್ ಕೈಗೆ ಬಂದರೆ, ಅದಕ್ಕೆ ಮೊದಲು ಎರಡೂ ತಂಡದ ಆಟಗಾರರ ಹೆಸರು, ಊರು ಕೇಳಿ ಬರೆದುಕೊಳ್ಳಿ. ವೃತ್ತಿ ಅಲ್ಲಿಂದಲೇ ಶುರುವಾಗುತ್ತದೆ.