ಪಾಠ 12: ಸೈನ್ ಮಾಡಿ

"ಇಲ್ಲಿ ಒಂದು ಸೈನ್ ಮಾಡಿ."

ಈ ಮಾತನ್ನು ನಾವು ಎಲ್ಲೆಲ್ಲಿ ಕೇಳುತ್ತೇವೆ? ಬ್ಯಾಂಕಿನಲ್ಲಿ ಕೇಳುತ್ತೇವೆ. ಪಂಚಾಯ್ತಿಯಲ್ಲಿ, ಮಕ್ಕಳ ಶಾಲೆಯಲ್ಲಿ, ಸಂಘದ ಸಭೆಯಲ್ಲಿ ಕೇಳುತ್ತೇವೆ.

ಸೈನ್ ಎಂಬುದು ಇಂಗ್ಲಿಷ್ ಮಾತು. ಗುರುತು ಹಾಕುವುದು ಎಂದು ಅದರ ಅರ್ಥ. ಕಿವಿ ಕೇಳದವರು ಕೈಸನ್ನೆಯಲ್ಲಿ ಮಾತಾಡುವುದಕ್ಕೂ ಇಂಗ್ಲಿಷಿನಲ್ಲಿ ಇದೇ ಮಾತು ಇದೆ. ಕಾಗದದ ಮೇಲೆ ಸೈನ್ ಮಾಡುವುದೆಂದರೆ ನಮ್ಮ ಹೆಸರನ್ನು ನಮ್ಮ ಕೈಯಾರೆ ಬರೆಯುವುದು. ಕನ್ನಡದಲ್ಲಿ ಇದಕ್ಕೆ ಸಹಿ, ರುಜು ಎನ್ನುತ್ತೇವೆ.

ಬೇರೆ ಬೇರೆ ಕಡೆ ಸೈನಿನ ಅರ್ಥ ಬೇರೆ ಬೇರೆ.

ಹಾಜರಿ ಪುಸ್ತಕದಲ್ಲಿ ಸೈನ್ ಮಾಡಿದರೆ, "ನಾನು ಬಂದಿದ್ದೆ."
ರಸೀದಿಯಲ್ಲಿ ಮಾಡಿದರೆ, "ಹಣ ನನ್ನ ಕೈ ಸೇರಿತು."
ಸಾಲದ ಪತ್ರದಲ್ಲಿ ಮಾಡಿದರೆ, "ನಾನು ತೀರಿಸುತ್ತೇನೆ."
ಜಾಮೀನಿಗೆ ಮಾಡಿದರೆ, "ಅವರು ಕಟ್ಟದಿದ್ದರೆ ನಾನು ಕಟ್ಟುತ್ತೇನೆ."

ನಮ್ಮ ಸಂಘದ ಒಬ್ಬ ಅಕ್ಕನ ಕತೆ ಕೇಳಿ. ಒಂದು ದಿನ ಮೈದುನ ಕಾಗದ ಹಿಡಿದು ಬಂದ.

"ಅತ್ತಿಗೆ, ಬರೀ ಒಂದು ಸೈನ್ ಅಷ್ಟೇ. ಬೇಗ ಹಾಕಿ, ಬಸ್ಸು ಹೊರಡ್ತದೆ."

ಅಕ್ಕ ಪೆನ್ನು ತಗೊಂಡಳು. ಕಾಗದದ ಕೊನೆಗೆ ಏನೋ ಬರೆದಿತ್ತು. ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಜಾ-ಮೀ-ನು-ದಾ-ರ-ರ ಸ-ಹಿ.

ಪೆನ್ನು ಕೆಳಗಿಟ್ಟಳು.

"ಎಷ್ಟು ಸಾಲ ಕಣಪ್ಪಾ?"

"ಎರಡು ಲಕ್ಷ."

"ನಾಳೆ ಎಲ್ಲರೂ ಕೂತು ಮಾತಾಡೋಣ. ಬಸ್ಸು ನಾಳೆನೂ ಬರ್ತದೆ."

ಮೈದುನನ ಮುಖ ಸಪ್ಪಗಾಯಿತು. ಅಕ್ಕನಿಗೂ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಆದರೂ ಅವಳು ಮಾಡಿದ್ದು ಸರಿ. 1872ರ ಕರಾರು ಕಾಯಿದೆ ಇಂದಿಗೂ ಇದೆ. ಪತ್ರದಲ್ಲಿ ಬೇರೆ ಷರತ್ತು ಬರೆಯದಿದ್ದರೆ, ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರರಿಗೂ ಅಷ್ಟೇ ಹೊಣೆ ಎಂದು ಅದು ಹೇಳುತ್ತದೆ.

"ಹೆಬ್ಬೆಟ್ಟು ಒತ್ತಿದರೆ ಏನೂ ಆಗೋದಿಲ್ಲ" ಎಂದು ಕೆಲವರು ಅನ್ನುತ್ತಾರೆ. ಅದು ತಪ್ಪು. 1897ರ ಜನರಲ್ ಕ್ಲಾಸಸ್ ಕಾಯಿದೆಯಲ್ಲಿ ಸೈನ್ ಎಂಬ ಮಾತಿಗೆ ಅರ್ಥ ಬರೆದಿದೆ. ಹೆಸರು ಬರೆಯಲು ಬಾರದವರು ಹಾಕಿದ ಗುರುತೂ ಸೈನ್ ಎಂದೇ ಲೆಕ್ಕ.

ಹಾಗಾದರೆ ನಾವು ಅಕ್ಷರ ಕಲಿತದ್ದು ಯಾಕೆ? ಹೆಬ್ಬೆಟ್ಟಿನ ಬದಲು ಹೆಸರು ಬರೆಯೋದಕ್ಕೆ ಮಾತ್ರ ಅಲ್ಲ. ಹೆಸರಿನ ಮೇಲೆ ಏನು ಬರೆದಿದೆ ಎಂದು ಓದೋದಕ್ಕೆ.

ನೆನಪಿಡೋಣ

1. ಓದದೆ ಸೈನ್ ಮಾಡಬಾರದು. ಬೇರೆ ಭಾಷೆಯಲ್ಲಿದ್ದರೆ ನಂಬಿಕೆಯವರಿಂದ ಓದಿಸಿ ಕೇಳಬೇಕು.
2. ಖಾಲಿ ಕಾಗದಕ್ಕೆ, ಖಾಲಿ ಚೆಕ್ಕಿಗೆ ಸೈನ್ ಹಾಕಬಾರದು. ಆಮೇಲೆ ಅದರಲ್ಲಿ ಯಾರು ಏನು ಬೇಕಾದರೂ ಬರೆದಾರು.
3. ಹಣ ಎಣಿಸಿಕೊಂಡ ಮೇಲೆಯೇ ರಸೀದಿಗೆ ಸೈನ್ ಮಾಡಬೇಕು.
4. ಸೈನಿನ ಪಕ್ಕ ತಾರೀಕು ಬರೆಯಬೇಕು. ಕಾಗದದ ಒಂದು ಪ್ರತಿ ಕೇಳಿ ಪಡೆಯಬೇಕು.

ಓದಿ, ಬರೆಯಿರಿ

ಸಹಿ ರುಜು ರಸೀದಿ ಜಾಮೀನು ಷರತ್ತು

ಮಾತಾಡೋಣ

ನೀವು ಕೊನೆಯ ಸಲ ಯಾವ ಕಾಗದಕ್ಕೆ ಸೈನ್ ಮಾಡಿದಿರಿ? ಅದರಲ್ಲಿ ಏನು ಬರೆದಿತ್ತು?
ಆ ಅಕ್ಕನ ಜಾಗದಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ?