ಮೈಲೇಜ್ ಇಳಿದದ್ದಕ್ಕೆಲ್ಲ ಎಥನಾಲ್ ಕಾರಣವೇ?

ಪ್ರಶ್ನೆ: ನನ್ನ 2014ರ ಪೆಟ್ರೋಲ್ ಕಾರು ಲೀಟರಿಗೆ 17 ಕಿ.ಮೀ. ಕೊಡುತ್ತಿತ್ತು, ಈಗ 14.5ಕ್ಕೆ ಇಳಿದಿದೆ. ತಿಂಗಳಿಗೆ ಸಾವಿರ ಕಿ.ಮೀ. ಓಡಿಸುತ್ತೇನೆ. ಇ20 ಪೆಟ್ರೋಲಿನಿಂದಲೇ ಹೀಗಾಯಿತೇ? ಕಾರು ಮಾರಿಬಿಡಲೇ?
– ಓದುಗರು, ಹಾಸನ

ಉತ್ತರ: ಮಾರಬೇಡಿ. ಲೀಟರ್ ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ. ಇ20ಯಲ್ಲಿರುವಂತೆ ಶೇ 20 ಎಥನಾಲ್ ಬೆರೆಸಿದಾಗ ಹಳೆಯ ಕಾರಿನ ಮೈಲೇಜ್ ಶೇ 6ರ ಆಸುಪಾಸಿನಲ್ಲಿ ಇಳಿಯಬಹುದು. ಅಂದರೆ 17 ಇದ್ದದ್ದು 16 ಆಗುತ್ತದೆ. ಪೆಟ್ರೋಲ್ ನೂರು ರೂಪಾಯಿ ಎಂದಿಟ್ಟುಕೊಂಡರೆ ತಿಂಗಳಿಗೆ ಸುಮಾರು 370 ರೂಪಾಯಿ ಹೆಚ್ಚುವರಿ. ಇದು ನಿಜವಾದ ಹೊರೆಯೇ. ಆದರೆ ನಿಮಗೆ ಬೀಳುತ್ತಿರುವುದು ಸಾವಿರ ರೂಪಾಯಿ. ಉಳಿದದ್ದು ಬೇರೆಲ್ಲೋ ಸೋರುತ್ತಿದೆ.

ಮೊದಲು ಸರಿಯಾಗಿ ಅಳೆಯಿರಿ. ಪಂಪಿನ ನಳಿಕೆ ತಾನೇ ‘ಟಕ್’ ಎಂದು ನಿಲ್ಲುವವರೆಗೆ ತುಂಬಿಸಿ, ಮೀಟರ್ ಬರೆದಿಟ್ಟು, 400 ಕಿ.ಮೀ. ಓಡಿಸಿ ಅದೇ ಪಂಪಿನಲ್ಲಿ ಮತ್ತೆ ಹಾಗೆಯೇ ತುಂಬಿಸಿ. ಎಷ್ಟು ಲೀಟರ್ ಹಿಡಿಯಿತೋ ಅದರಿಂದ ಓಡಿಸಿದ ಕಿ.ಮೀ.ಯನ್ನು ಭಾಗಿಸಿ. ಆಮೇಲೆ ಟೈರಿನ ಗಾಳಿ, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ ನೋಡಿಸಿ. ಓಡಿಸಿ ಬಂದ ಕೂಡಲೇ ಒಂದು ಚಕ್ರದ ಬಳಿ ಮಾತ್ರ ಜಾಸ್ತಿ ಬಿಸಿ ತಟ್ಟಿದರೆ ಬ್ರೇಕ್ ಹಿಡಿದುಕೊಂಡಿರಬಹುದು.

ಎಥನಾಲ್ ಇಲ್ಲದ ದುಬಾರಿ ಪೆಟ್ರೋಲ್ ಹಾಕಿಸಿದರೆ ಮೈಲೇಜಿನಲ್ಲಿ ಉಳಿಸಿದ್ದಕ್ಕಿಂತ ಹೆಚ್ಚು ಕಳೆಯುತ್ತೀರಿ. ಹಳೆಯ ರಬ್ಬರ್ ಪೈಪು, ವಾಷರ್‌ಗಳನ್ನು ಸರ್ವಿಸಿನಲ್ಲಿ ತಪ್ಪದೆ ಪರೀಕ್ಷಿಸಿ. ಎಥನಾಲ್ ಅವನ್ನು ಬೇಗ ಸವೆಸಬಹುದು. ಪೆಟ್ರೋಲ್ ವಾಸನೆ ಬಂದರೆ ಓಡಿಸಬೇಡಿ, ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ. ಎಂಜಿನ್ ದೀಪ ಹೊತ್ತಿಕೊಂಡರೆ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನ್ ಮಾಡಿಸಿ.