ಸೌದೆಯಿಂದ ಓಡಿದ ಲಾರಿ

1940ನೆಯ ಇಸವಿಯ ಏಪ್ರಿಲ್ 9ರಂದು ಜರ್ಮನಿಯ ಸೇನೆಯು ಡೆನ್ಮಾರ್ಕ್ ಮತ್ತು ನಾರ್ವೆ ದೇಶಗಳನ್ನು ಹೊಕ್ಕಿತು. ಯುದ್ಧದಲ್ಲಿ ಯಾವ ಪಕ್ಷವನ್ನೂ ಹಿಡಿಯದಿದ್ದ ಸ್ವೀಡನ್ನಿಗೆ ಅಂದಿನಿಂದ ಪಶ್ಚಿಮದ ಸಮುದ್ರಮಾರ್ಗವು ಮುಚ್ಚಿದಂತಾಯಿತು. ಪೆಟ್ರೋಲು ಬರುತ್ತಿದ್ದುದು ಹೊರಗಿನಿಂದ. ಲಾರಿಗಳು ನಿಂತರೆ ಹಳ್ಳಿಯ ಹಾಲು, ಧಾನ್ಯಗಳು ಪಟ್ಟಣವನ್ನು ಸೇರುವುದು ಹೇಗೆ? ಆದರೆ ಆ ನಾಡಿನ ಅರ್ಧಕ್ಕಿಂತ ಹೆಚ್ಚು ಭಾಗವು ಕಾಡು. ಜನರು ಕಾಡಿನ ಕಡೆಗೆ ತಿರುಗಿದರು. 1942ರ ಕೊನೆಯ ವೇಳೆಗೆ ಅಲ್ಲಿ ಎಪ್ಪತ್ತು ಸಾವಿರಕ್ಕೂ ಮಿಗಿಲಾದ ವಾಹನಗಳು ಸೌದೆ ಅಥವಾ ಇದ್ದಲಿನ ಅನಿಲದಿಂದ ಓಡುತ್ತಿದ್ದವು.

ಸೌದೆಯನ್ನು ನೇರವಾಗಿ ಎಂಜಿನ್ನಿನೊಳಗೆ ಉರಿಸುವುದು ಸಾಧ್ಯವಿಲ್ಲ. ಮೊದಲು ಅದನ್ನು ಅನಿಲವನ್ನಾಗಿ ಮಾಡಬೇಕು. ಫ್ರಾನ್ಸಿನ ಜಾರ್ಜ್ ಇಂಬೇರ್ ಎಂಬಾತನು 1920ರ ದಶಕದಲ್ಲಿ ರೂಪಿಸಿದ ಉಪಕರಣವು ಇದಕ್ಕೆ ಒದಗಿಬಂತು. ಲಾರಿಯ ಪಕ್ಕದಲ್ಲಿ ಆಳೆತ್ತರದ ಒಂದು ಉಕ್ಕಿನ ಹಂಡೆ, ಅದರ ಮೇಲ್ಭಾಗದಲ್ಲಿ ಮುಷ್ಟಿ ಗಾತ್ರದ ಒಣ ಸೌದೆಯ ತುಂಡುಗಳು, ಕೆಳಗೆ ಕೆಂಡ. ಗಾಳಿಯನ್ನು ಮಿತವಾಗಿ ಒಳಬಿಟ್ಟರೆ ಸೌದೆಯು ಪೂರ್ತಿ ಉರಿಯದೆ ಇದ್ದಲಾಗುತ್ತದೆ. ಉರಿಯಿಂದ ಹುಟ್ಟಿದ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿಗಳು ನಿಗಿನಿಗಿ ಕೆಂಡದ ಮೂಲಕ ಕೆಳಕ್ಕೆ ಇಳಿಯುವಾಗ ಇಂಗಾಲದ ಮಾನಾಕ್ಸೈಡ್ ಮತ್ತು ಜಲಜನಕಗಳಾಗಿ ಮಾರ್ಪಡುತ್ತವೆ. ಇವೆರಡೂ ಉರಿಯುವ ಅನಿಲಗಳು. ಸೌದೆಯ ಹೊಗೆಯಲ್ಲಿರುವ ಡಾಂಬರಿನಂತಹ ಜಿಗುಟು ಪದಾರ್ಥವೂ ಈ ಕೆಂಡದಲ್ಲಿಯೇ ಒಡೆದುಹೋಗಬೇಕು. ಇಲ್ಲವಾದರೆ ಅದು ಎಂಜಿನ್ನಿನ ಕವಾಟಗಳಿಗೆ ಅಂಟಿ ಅವುಗಳನ್ನು ಬಿಗಿದುಬಿಡುತ್ತದೆ. ಮುಂದೆ ಅನಿಲದ ಧೂಳನ್ನು ತೆಗೆದು, ತಣಿಸಿ, ಸೋಸಿ, ಗಾಳಿಯೊಡನೆ ಬೆರೆಸಿ ಸಿಲಿಂಡರುಗಳಿಗೆ ಬಿಡುತ್ತಾರೆ.

ಈ ಅನಿಲದಲ್ಲಿ ಸುಮಾರು ಅರ್ಧದಷ್ಟು ಉರಿಯಲು ಬಾರದ ಸಾರಜನಕವೇ. ಆದುದರಿಂದ ಲಾರಿಯು ತನ್ನ ಬಲದಲ್ಲಿ ಮೂರನೆಯ ಒಂದು ಪಾಲನ್ನೋ ಅದಕ್ಕೂ ಹೆಚ್ಚನ್ನೋ ಕಳೆದುಕೊಳ್ಳುತ್ತಿತ್ತು. ಈ ಅನಿಲವು ಪೆಟ್ರೋಲಿಗಿಂತ ನಿಧಾನವಾಗಿ ಉರಿಯುವುದರಿಂದ ಕಿಡಿಯನ್ನು ತುಸು ಮುಂಚಿತವಾಗಿ ಹಾರಿಸಬೇಕಾಗಿತ್ತು. ದೊಡ್ಡ ಸಿಲಿಂಡರುಗಳುಳ್ಳ, ನಿಧಾನವಾಗಿ ತಿರುಗುವ ಹಳೆಯ ಲಾರಿಯ ಎಂಜಿನುಗಳು ಇದಕ್ಕೆ ಚೆನ್ನಾಗಿ ಒಗ್ಗಿದವು. ಒಂದು ಲೀಟರು ಪೆಟ್ರೋಲಿನ ಕೆಲಸಕ್ಕೆ ಎರಡೂವರೆಯಿಂದ ಮೂರು ಕಿಲೋಗ್ರಾಂ ಒಣ ಸೌದೆ ಸಾಕಾಗುತ್ತಿತ್ತು.

ಆದರೆ ಚಾಲಕನ ಪಾಡು? ಬೆಳಗ್ಗೆ ಎದ್ದು ಬೂದಿ ತೆಗೆದು, ಬೆಂಕಿ ಹೊತ್ತಿಸಿ, ಪಂಕದಿಂದ ಗಾಳಿಯೂದಿ, ಒಳ್ಳೆಯ ಅನಿಲ ಬರುವವರೆಗೆ ಅವನು ಕಾಯಬೇಕು. ದಾರಿಯಲ್ಲಿ ಮತ್ತೆ ಮತ್ತೆ ಸೌದೆ ತುಂಬಬೇಕು. ಸೌದೆ ಹಸಿಯಾಗಿದ್ದರೆ ಏರಿನ ನಡುವೆಯೇ ಲಾರಿ ಸೋತು ನಿಲ್ಲುವುದು. ಆ ಕಾಲದಲ್ಲಿ ನಮ್ಮ ದೇಶದಲ್ಲಿಯೂ ಪೆಟ್ರೋಲಿಗೆ ಪಡಿತರ ಬಂದು ಇದ್ದಲಿನ ಅನಿಲದ ಬಸ್ಸುಗಳು ಓಡುತ್ತಿದ್ದವು. ಅವುಗಳಲ್ಲಿ ಪಯಣಿಸಿದ ಹಿರಿಯರಿಗೆ ಈ ಮಾತನ್ನು ವಿವರಿಸಬೇಕಾಗಿರಲಿಲ್ಲ.

ಇದಕ್ಕಿಂತ ದೊಡ್ಡ ಆತಂಕ ಬೇರೊಂದಿತ್ತು. ಎಂಜಿನ್ನಿಗೆ ಆಹಾರವಾದ ಇಂಗಾಲದ ಮಾನಾಕ್ಸೈಡೇ ಮನುಷ್ಯನಿಗೆ ವಿಷ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಲದಿಂದ ಹಿಡಿದುಕೊಳ್ಳುತ್ತದೆ. ಲಾರಿಯು ಓಡುತ್ತಿರುವಾಗ ಭಯ ಕಡಿಮೆ. ಎಂಜಿನು ಅನಿಲವನ್ನು ಎಳೆದುಕೊಳ್ಳುವುದರಿಂದ ಕೊಳವೆಯಲ್ಲಿ ಬಿರುಕಿದ್ದರೆ ಹೊರಗಿನ ಗಾಳಿ ಒಳಕ್ಕೆ ಹೋಗುತ್ತದೆಯೇ ಹೊರತು ಅನಿಲ ಹೊರಕ್ಕೆ ಬರುವುದಿಲ್ಲ. ಎಂಜಿನು ನಿಂತ ಮೇಲೆ ಸ್ಥಿತಿ ತಿರುವುಮುರುವು. ಕೆಂಡವು ಇನ್ನೂ ಅನಿಲವನ್ನು ಹುಟ್ಟಿಸುತ್ತಿರುತ್ತದೆ. ಎಳೆದುಕೊಳ್ಳುವವರಿಲ್ಲದ ಆ ಅನಿಲವು ಸಂದುಗಳಿಂದ ಮೆಲ್ಲನೆ ಹೊರಸೂಸುತ್ತದೆ. ಚಳಿಗಾಲದ ರಾತ್ರಿ, ಬಾಗಿಲು ಮುಚ್ಚಿದ ಕೊಟ್ಟಿಗೆಯಲ್ಲಿ ಅಂತಹ ಲಾರಿಯನ್ನು ನಿಲ್ಲಿಸಿ ಅದರ ಬಳಿಯೇ ಕೆಲಸ ಮಾಡುವವನಿಗೆ ಮೊದಲು ತಲೆನೋವು, ಅನಂತರ ಮಂಪರು ಬರುತ್ತಿತ್ತು. ಸ್ವೀಡನ್ನಿನಲ್ಲಿ ಅನೇಕರು ಈ ವಿಷಕ್ಕೆ ತುತ್ತಾದರು. ಬೆಂಕಿಯಿರುವ ಲಾರಿಯನ್ನು ಬಯಲಿನಲ್ಲಿಯೇ ನಿಲ್ಲಿಸಬೇಕೆಂಬ ಎಚ್ಚರಿಕೆಯ ಹಿಂದೆ ಇಷ್ಟು ಸಂಗತಿಯಿದೆ.

1945ರಲ್ಲಿ ಯುದ್ಧವು ಮುಗಿದು ಪೆಟ್ರೋಲು ಮತ್ತೆ ದೊರೆಯತೊಡಗಿದಾಗ ಜನರು ಹಂಡೆಗಳನ್ನು ಬೇಗಬೇಗನೆ ಕಳಚಿ ಹಾಕಿದರು. ಆದರೆ ಆ ವಿದ್ಯೆ ಅಳಿಯಲಿಲ್ಲ. 1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಸೌದೆಯ ಅನಿಲವನ್ನು ಒಂದು ಡೀಸೆಲ್ ಎಂಜಿನ್ನಿಗೆ ಉಣಿಸಿ ವಿದ್ಯುತ್ತನ್ನು ಉತ್ಪಾದಿಸಿದರು. ಆ ಪುಟ್ಟ ಊರಿನ ಮನೆಗಳಲ್ಲಿ ಅದರಿಂದ ದೀಪಗಳು ಉರಿದವು.